ಹೊರಟವಳು ನಾನು, ಶಾಲು ಅವರಿಗೆ

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಜರ್ಮನಿಗೆ ಹೊರಟವಳು ನಾನು. ನನ್ನ ಗಂಡ ಅಲ್ಲ. ಇದನ್ನು ಹುಣಸೂರಿನ ತುಂಬ ಹೇಳಿ ಹೇಳಿ ಗಂಟಲು ಕಟ್ಟಿತು. ಮೆಣಸಿನ ಕಷಾಯ ಕುಡಿದು ಮತ್ತೆ ಹೇಳಿದೆ. ಯಾರ ಕಿವಿಗೂ ಬಿದ್ದಿಲ್ಲ.

ಮನೆಯ ಮುಂದಿನ ಕೋಣೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸೊಸೈಟಿ ಚುನಾವಣೆಯ ಕರಪತ್ರ, ಹೀಗೆ. ಕಂಪ್ಯೂಟರಿನಲ್ಲಿ ಕನ್ನಡದ ಒತ್ತಕ್ಷರಗಳು ಅಕ್ಷರದ ಕೆಳಗೆ ತೆಪ್ಪಗೆ ಕೂರದೆ ಪಕ್ಕಕ್ಕೆ ಓಡಿಹೋಗುತ್ತಿದ್ದವು. (ನಮ್ಮವರಿಗೆ ತರಕಾರಿ ತನ್ನಿ ಅಂದಾಗ ಓಡುವ ಹಾಗೆ.) ಮೈಸೂರಿನಲ್ಲಿ ಓದಿದ್ದ ವಿದ್ಯೆಯನ್ನೆಲ್ಲ ಖರ್ಚುಮಾಡಿ, ಅವುಗಳ ಕಿವಿ ಹಿಂಡಿ ಕೂರಿಸುವ ಪ್ರೋಗ್ರಾಂ ಒಂದನ್ನು ಬರೆದು, ಇಂಟರ್ನೆಟ್ಟಿನಲ್ಲಿ ಧರ್ಮಕ್ಕೆ ಹಂಚಿದೆ. ಅದನ್ನು ನೋಡಿದ ಜರ್ಮನಿಯ ಯಾರೋ ಪುಣ್ಯಾತ್ಮರು, 'ಸಾಫ್ಟ್‌ವೇರ್ ಬರೆಯುವವರ ಸಮ್ಮೇಳನವಿದೆ, ಬಂದು ಈ ಬಗ್ಗೆ ಮಾತಾಡಿ, ವಿಮಾನದ ಖರ್ಚು ನಮ್ಮದು' ಎಂದು ಇ-ಮೇಲ್ ಕಳಿಸಿದರು. ಇದು ಈ ವರ್ಷದ, ಅಂದರೆ ಎರಡು ಸಾವಿರದ ನಾಲ್ಕನೇ ಇಸವಿಯ ಮಾತು.

ನನ್ನ ಗಂಡ ವಿರೂಪಾಕ್ಷ, ಪೈಪು-ಪಂಪ್‌ಸೆಟ್ಟಿನ ವ್ಯಾಪಾರಿ. ಸುದ್ದಿ ಕೇಳಿದವರೇ ಅಂಗಡಿಗೆ ಹೋಗಿ, ಬಂದ ಗಿರಾಕಿಗೆಲ್ಲ, "ನಾವು ಜರ್ಮನಿಗೆ ಹೋಯ್ತಾ ಇದೀವಿ ಕಣ್ರೀ" ಎಂದರು. ಆ 'ನಾವು' ಸಂತೆಮಾಳ ದಾಟುವಷ್ಟರಲ್ಲಿ 'ವಿರೂಪಾಕ್ಷಣ್ಣ ಫಾರಿನ್ನಿಗೆ ಹೊಂಟವ್ರೆ' ಎಂದಾಯಿತು.

ವರ್ತಕರ ಸಂಘದವರು ಸನ್ಮಾನ ಇಟ್ಟುಕೊಂಡರು. ಅಧ್ಯಕ್ಷರಾದ ಷಣ್ಮುಖಪ್ಪನವರು ಎದ್ದು, "ಹೆಂಡತಿಯನ್ನು ಹೊರದೇಶಕ್ಕೆ ಕಳಿಸುವ ಇಂಥ ವಿಶಾಲ ಹೃದಯ ಎಷ್ಟು ಜನಕ್ಕಿದೆ!" ಎಂದು ನಮ್ಮವರಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿದರು. ನನ್ನ ಕೈಗೆ ಹಣ್ಣಿನ ತಟ್ಟೆ ಕೊಟ್ಟರು. ನನಗೇ ಇರಬೇಕೆಂದು ಹಲ್ಲು ಕಿರಿದೆ. "ಒಸಿ ಹಿಡ್ಕೊಂಡಿರಿ ತಾಯಿ, ಅವ್ರಿಗೆ ಕೊಡೋದು" ಎಂದರು. ಪತ್ರಿಕೆಯಲ್ಲಿ ಫೋಟೋ ಬಂತು. ಅದರಲ್ಲಿ ನನ್ನ ಮೊಣಕೈ ಚೆನ್ನಾಗಿ ಬಿದ್ದಿದೆ.

ಮನೆಗೆ ಬಂದವಳೇ ರಣಚಂಡಿಯಾದೆ.

"ಸ್ಟೇಜಿನ ಮೇಲೆ 'ಎಲ್ಲಾ ನನ್ನ ಪ್ರೋತ್ಸಾಹ' ಅಂದ್ರಲ್ಲ, ಯಾವತ್ತು ಕೊಟ್ರಿ ಅದನ್ನ?"

"ಅಡ್ಡಿ ಮಾಡ್ನಿಲ್ವಲ್ಲೇ! ಅದು ಪ್ರೋತ್ಸಾಹ ಅಲ್ವಾ?"

"ಅಂಗಿಗೆ ಇಸ್ತ್ರಿ ಹಾಕಕ್ಕೆ ಕಂಪ್ಯೂಟರಿನ ವೈರು ಕಿತ್ತು, ಇಡೀ ದಿನದ ಕೆಲ್ಸ ನೀರುಪಾಲು ಮಾಡಿದ್ದು ಯಾರು?"

"ಸಂಘದ ಮೀಟಿಂಗಿಗೆ ಸುಕ್ಕು ಬಿದ್ದಿರೋ ಅಂಗಿ ಹಾಕ್ಕೊಂಡು ಹೋಗಕ್ಕಾಯ್ತದಾ? ನೀನೇ ಹೇಳು" ಎಂದು ಪೇಟ ಬಿಚ್ಚದೆಯೇ ಊಟಕ್ಕೆ ಕುಳಿತರು.

ಇದು ಗಂಡನ ಕಥೆಯಾದರೆ, ಅತ್ತೆ ಸುಂದ್ರಮ್ಮನವರದು ಬೇರೆಯೇ ಪುರಾಣ. ವೀಸಾ ತರಲು ಚೆನ್ನೈಗೆ ಹೋಗಬೇಕು ಎಂದೆ. "ಮೀಸೆ ಬೇಕು ಅಂದ್ರೆ ಗಂಡುಸ್ರು ಬುಟ್ಕತಾರೆ. ನಿಂಗ್ಯಾಕವ್ವಾ ಅದು?" ಎಂದರು. ಮೀಸೆಯಲ್ಲ, ಅವರ ದೇಶಕ್ಕೆ ಕಾಲಿಡಲು ಕೊಡುವ ಅಪ್ಪಣೆ ಎಂದು ಬಿಡಿಸಿ ಹೇಳಿದೆ. ಅವರ ಮುಖ ಇನ್ನಷ್ಟು ಸಣ್ಣಗಾಯಿತು.

"ವಾಪಸ್ ಬತ್ತೀಯಾ ತಾನೆ, ಪೂಜಾ?"

"ಒಂದೇ ವಾರ ಅತ್ತೆ. ಬರದೆ ಏನ್ಮಾಡ್ಲಿ?"

"ಅಂಗಲ್ಲ, ಕೇಳ್ದೆ ಬುಡು" ಎಂದವರು ಹುರಿಹಿಟ್ಟು ಕಟ್ಟುವಾಗ ಕೇಳಿದರು, ಚಟ್ನಿಪುಡಿ ಕುಟ್ಟುವಾಗ ಕೇಳಿದರು. ಪಕ್ಕದ ಮನೆಯ ಚಿಕ್ಕಸಿದ್ದಮ್ಮ ಕೇಳಿದರು. ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಪೊಲೀಸಪ್ಪ ಕಾಫಿ ಹೀರುತ್ತಾ ಕೇಳಿದ. ನನ್ನ ಭಾಷಣದ ವಿಷಯವೇನೆಂದು ಮಾತ್ರ ಒಂದು ನರಪಿಳ್ಳೆಯೂ ಕೇಳಲಿಲ್ಲ.

ಕೊನೆಗೆ ಚೆನ್ನೈಗೆ ಹೊರಟೆವು. 'ನಾವು' ಎಂದ ಮೇಲೆ ಅವರೂ ಬರಬೇಕಲ್ಲ! ಬೆಳಗ್ಗೆ ಲಾಡ್ಜಿನಲ್ಲಿ, ತಮ್ಮ ಬನಿಯನ್ನನ್ನು ತಾವೇ ಹಾಕಿಕೊಂಡು, ಅದು ಕಾಣುತ್ತಿಲ್ಲವೆಂದು ನನ್ನಿಂದ ಮಂಚದಡಿಯೆಲ್ಲ ಹುಡುಕಿಸಿದರು. ಹುಡುಕಿ ಎದ್ದಾಗ ಇಸ್ತ್ರಿ ಹಾಕಿದ್ದ ನನ್ನ ರೇಷ್ಮೆ ಸೀರೆ ನೆಲ ಒರೆಸಿದ ಬಟ್ಟೆಯಾಗಿತ್ತು. ವೀಸಾ ಕಚೇರಿಯ ಗೇಟಿನಲ್ಲಿ ಅವರನ್ನು ಒಳಗೆ ಬಿಡಲಿಲ್ಲ. "ಬೇಗ ಮುಗಿಸ್ಕೊಂಡು ಬಾ, ಎದ್ರುಗಡೆ ಓಟ್ಲಲ್ಲಿ ಇಡ್ಲಿ ಖಾಲಿಯಾಗೋಯ್ತದೆ" ಎಂದು ಹರಸಿ ಕಳಿಸಿದರು.

ಒಳಗೆ ಗಾಜಿನ ಆಚೆ ಒಬ್ಬ ಬಿಳಿಯ ಅಧಿಕಾರಿ. ಪಕ್ಕದಲ್ಲಿ ದುಭಾಷಿ, ವಿಭೂತಿ ಹಚ್ಚಿದ್ದ ವಯಸ್ಸಾದ ಕನ್ನಡಿಗರು. ಅವರ ಸಹಾಯ ನನಗೆ ಬೇಕಿರಲಿಲ್ಲ. ಇಂಗ್ಲಿಷಿನಲ್ಲೇ ಸಲೀಸಾಗಿ ಉತ್ತರಿಸುತ್ತಿದ್ದೆ. ಆಗ ಆ ಅಧಿಕಾರಿ ನನ್ನ ಮುಖ ನೋಡಿ ಮೆತ್ತಗೆ ಕೇಳಿದ: ಸಮ್ಮೇಳನ ಮುಗಿದ ಮೇಲೆ ನೀವು ವಾಪಸ್ ಬರುತ್ತೀರೆಂದು ಏನು ನಂಬಿಕೆ?

ನನ್ನ ತಲೆಯೊಳಗೆ ಏನೋ ಪಟ್ ಎಂದಿತು. ಕೋಪ ಬಂದರೆ ನನಗೆ ಇಂಗ್ಲಿಷ್ ಕೈಕೊಡುತ್ತದೆ. ಕನ್ನಡ ಮಾತ್ರ ಎದೆಗೊಟ್ಟು ನಿಲ್ಲುತ್ತದೆ.

"ನೀವೂ ಅದನ್ನೇ ಕೇಳ್ತೀರಾ? ಬರದೆ ಎಲ್ಲಿಗೆ ಹೋಗ್ಲಿ? ಮೈಮೇಲಿರೋ ಬನೀನು ಕಾಣದ ಆ ಮನುಷ್ಯನ್ನ ಯಾರಿಗೆ ವಹಿಸಲಿ? ಉಂಡ ತಟ್ಟೆ ಎತ್ತಲ್ಲ, ಕುಡಿದ ಲೋಟ ತೊಳೆಯಲ್ಲ. ನನ್ನ ಶಾಲು ತಾವು ಹೊದ್ಕೊಂಡವ್ರೆ! ಮಂಡಿನೋವಿನ ಅತ್ತೆ ನಾನು ಎಣ್ಣೆ ಹಚ್ದೆ ಮಲಗಲ್ಲ. ಗಂಡನ ಜೊತೆ ಶುರುಮಾಡಿದ ಜಗಳ ಇನ್ನೂ ಅರ್ಧನೂ ಆಗಿಲ್ಲ. ಅದನ್ನ ಮುಗಿಸಕ್ಕಾದ್ರೂ ಬಂದೇ ಬರ್ತೀನಿ, ಬರ್ಕೊಳ್ಳಿ!"

ಹಿಂದಿನ ಸಾಲಿನವರೆಲ್ಲ ಕತ್ತು ಚಾಚಿ ನನ್ನನ್ನೇ ನೋಡಿದರು. ಕೆಟ್ಟೆ, ಎಲ್ಲ ಮುಗಿಯಿತು ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಅಧಿಕಾರಿ ದುಭಾಷಿಯತ್ತ ತಿರುಗಿದ. ಆ ಹಿರಿಯರು ಕನ್ನಡಕ ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಒಂದೇ ವಾಕ್ಯ ನುಡಿದರು: "ಸಂಸಾರಸ್ಥೆ, ಖಂಡಿತ ವಾಪಸ್ ಬರುತ್ತಾರೆ."

ಅಷ್ಟುದ್ದದ ಮಾತಿಗೆ ಇಷ್ಟೇ ಅರ್ಥವೇ ಎಂದು ಅಧಿಕಾರಿ ಹುಬ್ಬೇರಿಸಿದ. ಸೀರೆಯ ಸುಕ್ಕು ನೋಡಿದ, ನನ್ನ ಮುಖ ನೋಡಿದ, ನಕ್ಕ. ವೀಸಾ ಮಂಜೂರಾಯಿತು.

ಹೊರಗೆ ಬಂದವಳು ಸುಮ್ಮನಿರಬೇಕಿತ್ತು. ಸಂತೋಷದಲ್ಲಿ ಮೈಮರೆತು, ನಡೆದದ್ದನ್ನೆಲ್ಲ ಗಂಡನಿಗೆ ಒಂದಕ್ಷರ ಬಿಡದೆ ಹೇಳಿಬಿಟ್ಟೆ. ಅವರು ಇಡ್ಲಿ ಅಗಿಯುವುದನ್ನು ನಿಲ್ಲಿಸಿದರು. ನಾಚಿಕೊಳ್ಳುತ್ತಾರೆ ಎಂದುಕೊಂಡೆ. ಎದೆ ಉಬ್ಬಿಸಿದರು! "ನಾನೇನಾದ್ರೂ ಒಳ್ಳೇ ಗಂಡ ಆಗಿದ್ದಿದ್ರೆ ನಿಂಗೆ ವೀಸಾ ಸಿಕ್ತಿತ್ತಾ?" ಎಂದು ಕೇಳಿದರು. ಹುಣಸೂರಿಗೆ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಇದನ್ನೇ ಸಾರಿದರು. ಷಣ್ಮುಖಪ್ಪನವರಂತೂ "ತ್ಯಾಗಮಯಿ" ಎಂದು ಕೈಕುಲುಕಿ ಹೋದರು.

ನಾಳೆ ನನ್ನ ಪ್ರಯಾಣ. ಮಧ್ಯಾಹ್ನ ಊಟ ಮುಗಿಸಿದವರು ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದರು.

"ಇವತ್ತಾದ್ರೂ ಎತ್ತಿಡ್ರೀ. ನಾಳೆಯಿಂದ ಯಾರು ಎತ್ತುತಾರೆ?"

"ಎತ್ತುತಿದ್ದೆ ಕಣೇ, ನಂಗೇನು ಕೈಯಿಲ್ವಾ?" ಎಂದರು ನಮ್ಮವರು, ನನ್ನ ಮೇಲೆ ಬಹಳ ಕನಿಕರಪಟ್ಟು. "ಆದ್ರೆ ಮುಂದಿನ್ ವರ್ಷನೂ ನಿನ್ನ ಕರೆದ್ರೆ? ನಾನು ಈಗ್ಲೇ ಸುಧಾರಿಸಿಬುಟ್ರೆ, ಆ ಸಾಹೇಬ್ರ ಮುಂದೆ ನೀನು ಏನಂತ ಹೇಳ್ತೀಯಾ?"

"ಅದೂ ದಿಟವೇ ಕಣವ್ವಾ" ಎಂದರು ಅತ್ತೆ.

ತಟ್ಟೆ ನಾನೇ ಎತ್ತಿದೆ.