ಪಾಲಿಸದ ಪಾಲಿಸಿ

ನಾಲ್ಕು ಜನರ ಮದುವೆ ಮಾಡಿಸಿ ಪುಣ್ಯ ಕಟ್ಟಿಕೊಳ್ಳಬೇಕೆಂದು ನಾನು ವಧೂವರರ ವೆಬ್‌ಸೈಟ್ ಶುರು ಮಾಡಿದೆ. ಆ ಕಾಲಕ್ಕೆ ಭದ್ರಾವತಿಯ ಇಡೀ ಜನ್ನಾಪುರದಲ್ಲಿ ವೆಬ್‌ಸೈಟ್ ಇದ್ದವನು ನಾನೊಬ್ಬನೇ!

"ಕಂಡೋರ ಮನೆ ವಿಚಾರ ಇಟ್ಕೊಳ್ತೀರಿ. ಲಾಯರನ್ನ ಒಂದ್ಮಾತು ಕೇಳ್ರೀ" ಎಂದಳು ಹೆಂಡತಿ ಗಿರಿಜಾ. ಬಸ್ಸು ಹತ್ತಿ ಶಿವಮೊಗ್ಗದ ಲಾಯರಮ್ಮನೊಬ್ಬರ ಬಳಿ ಹೋದೆ.

ಯಾರ ಫೋಟೋ ಹಾಕ್ತೀರಿ, ಯಾರು ನೋಡ್ತಾರೆ ಎಂದು ಅವರು ಅರ್ಧ ಗಂಟೆ ವಿಚಾರಿಸಿ, ಸೈಟಿನ ನಿಯಮಗಳೆಂದು ಒಂದೇ ಪುಟದ ಪಾಲಿಸಿ ಬರೆದುಕೊಟ್ಟರು. ಮೊದಲ ಸಾಲೇ, 'ಒಪ್ಪಿಗೆಯ ಸಹಿ ಇಲ್ಲದೆ ಯಾರ ಫೋಟೋವನ್ನೂ ಪ್ರಕಟಿಸುವುದಿಲ್ಲ.'

ನನಗೆ ಭಾರೀ ನಿರಾಸೆ. ಲಾಯರು ಬರೆದದ್ದು ಓದಿದ ಕೂಡಲೇ ಅರ್ಥವಾಗಿಬಿಟ್ಟಿತ್ತು!

"ಇಷ್ಟೇನಾ ಮೇಡಂ?"

"ಪಾಲಿಸಿ ಇರೋದು ಪಾಲಿಸೋಕೆ ಮಾರಾಯ್ರೇ. ಇಷ್ಟು ಮಾಡಿ, ಸಾಕು."

ನನಗೆ ಸಾಕಾಗಲಿಲ್ಲ. ಅಮೆರಿಕದ ಯಾವುದೋ ಸೈಟಿನಿಂದ ಇಪ್ಪತ್ತು ಪುಟಗಳ ಇಂಗ್ಲಿಷ್ ಪಾಲಿಸಿಯನ್ನು ಎತ್ತಿ ಅಂಟಿಸಿದೆ. ಓದಲಿಲ್ಲ. ತೂಕವಾಗಿತ್ತು, ಅಷ್ಟೇ.

ಪಕ್ಕದ ಬೀದಿಯ ಶಾಂತಾ ಟೀಚರಿಗೆ ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಮರುಮದುವೆಗೆ ಮನಸ್ಸು ಮಾಡಿ, ನಮ್ಮ ಮನೆಗೆ ಬಂದು ಫೋಟೋ ಕೊಟ್ಟಿದ್ದರು. "ಸರಿಯಾದೋರು ಯಾರಾದ್ರೂ ಕೇಳಿದ್ರೆ ಮಾತ್ರ ತೋರ್ಸಿ ಶಿವಣ್ಣ" ಎಂದಿದ್ದರು. ನಾನು ತಲೆಯಾಡಿಸಿದ್ದೆ. ಆಮೇಲೆ, ಫೋಟೋ ಚೆನ್ನಾಗಿದೆಯೆಂದು ಅದನ್ನೇ ಸೈಟಿನ ಮೊದಲ ಪುಟಕ್ಕೆ ಹಾಕಿದೆ!

ವಾರದೊಳಗೆ ಟೀಚರ್ ಶಾಲೆಯಿಂದ ನೇರ ನಮ್ಮ ಮನೆಗೆ ಬಂದರು.

"ಸ್ಟಾಫ್ ರೂಮಲ್ಲಿ ನನ್ನ ಫೋಟೋದ ಪ್ರಿಂಟು ಕೈಯಿಂದ ಕೈಗೆ ಹೋಗ್ತಿದೆ. ನಿಮ್ಮನ್ನ ನಂಬಿ ಕೊಟ್ಟಿದ್ದೆ ಶಿವಣ್ಣ."

ಆಗಲೇ ಕಾಲಿಗೆ ಬಿದ್ದಿದ್ದರೆ ಮುಗಿಯುತ್ತಿತ್ತೇನೋ. ಗಾಬರಿಯಲ್ಲಿ ನಾನು ಕಾನೂನು ಹಿಡಿದೆ! "ಫೋಟೋ ಕೊಟ್ಮೇಲೆ ಪಾಲಿಸಿಗೆ ಒಪ್ಪಿದ ಹಾಗೇ ಅಲ್ವಾ ಟೀಚರ್?" ಎಂದು ಇಪ್ಪತ್ತು ಪುಟಗಳನ್ನೂ ಅವರ ಮುಂದಿಟ್ಟೆ.

ಅವರು ನಿಂತೇ ಓದಿದರು. ಕೊನೆಯ ಪುಟಕ್ಕೆ ಬಂದು ಹೇಳಿದರು, "ತಕರಾರಿದ್ರೆ ಕ್ಯಾಲಿಫೋರ್ನಿಯಾ ಕೋರ್ಟಿಗೆ ಹೋಗ್ಬೇಕಂತೆ. ಭದ್ರಾವತಿಯಿಂದ ಬಸ್ಸಿದ್ಯಾ?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಿರಿಜಾಳೂ ನಗಲಿಲ್ಲ.

ಆ ಸಂಜೆಯೇ ಸೈಟಿನಿಂದ ಫೋಟೋ ತೆಗೆದುಹಾಕಿದೆ, ಮರುದಿನ ಸೈಟನ್ನೇ ಮುಚ್ಚಿದೆ. ಅಷ್ಟರಲ್ಲಿ ಟೀಚರ್ ಗಿರಿಜಾಗೆ ಹೇಳಿಯಾಗಿತ್ತು, "ಇನ್ನು ಮದುವೆ ಮಾತು ಬೇಡ ಬಿಡಿ." ಎಂಟು ವರ್ಷ ಕೂಡಿಸಿಕೊಂಡ ಧೈರ್ಯವನ್ನು ನಾನು ಒಂದು ವಾರದಲ್ಲಿ ಕರಗಿಸಿದ್ದೆ.

ಎದುರು ನಿಲ್ಲಲು ಮುಖವಿಲ್ಲದೆ, ಎರಡು ಪುಟದ ಪತ್ರ ಬರೆದು ಗಿರಿಜಾಳ ಕೈಯಲ್ಲಿ ಕಳಿಸಿದೆ. ಮೂರನೇ ದಿನ ಪತ್ರ ವಾಪಸು ಬಂತು. 'ಕ್ಷಮಾಪಣೆ ಕೇಳುತ್ತೇನೆ' ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು 'ಕ್ಷಮೆ ಕೇಳುತ್ತೇನೆ' ಎಂದು ತಿದ್ದಿದ್ದರು. ಇನ್ನೂ ಆರು ತಪ್ಪುಗಳಿಗೆ ಅಡಿಗೆರೆ ಎಳೆದಿದ್ದರು. ಕೆಳಗೆ ಒಂದು ಮಾತಿಲ್ಲ. ಅಂಕವೂ ಇಲ್ಲ.

ಫೇಲ್ ಎಂದಾದರೂ ಬರೆದಿದ್ದರೆ ನೆಮ್ಮದಿಯಾಗುತ್ತಿತ್ತು!