ಮೂರನೆಯ ಟೇಪು

ಇಲ್ಲ, ಇಲ್ಲ, ನೀವು ತಲೆ ಅಲ್ಲಾಡಿಸಿದ ರೀತಿಯಲ್ಲೇ ಗೊತ್ತಾಯಿತು, ನಂಬಲಿಲ್ಲ. ಕಂಪ್ಯೂಟರ್ ಅಂದರೆ ಮೇಜಿನ ಮೇಲೆ ಟಿ.ವಿ. ಥರ ಕೂರುವ ವಸ್ತು, ಅದನ್ನು ಮನೆಗೆ ತರಲು ಎಂಟು ಜನ ಹಮಾಲರು ಯಾಕೆ ಬೇಕು, ಇದೇ ತಾನೇ ನಿಮ್ಮ ತಕರಾರು? ಸರಿ, ಎಂಟಲ್ಲ, ಆರು. (ನಾಲ್ಕು ಅನ್ನುವವಳು ನನ್ನ ಹೆಂಡತಿ ನೀಲಗಂಗಮ್ಮ. ಅವಳದು ಚಹಾದ ಲೋಟದ ಲೆಕ್ಕ. ಇಬ್ಬರು ಚಹಾ ಕುಡಿಯುವವರಲ್ಲ.) ಹೊಸಪೇಟೆಯ ನಮ್ಮ ಮನೆಯ ಕಟ್ಟೆ ಮೇಲೇ ಕೂತಿದ್ದೀರಲ್ಲ, ಬೇಕಾದರೆ ಒಳಗೆ ಬಂದು ನೋಡಿ. ನಮ್ಮ ನಡುಮನೆಯಲ್ಲಿ ಅರ್ಧ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ನಿಂತಿದೆ. ಅದರ ಶುಭನಾಮಧೇಯ ಮಿನಿ ಕಂಪ್ಯೂಟರ್. ಇಷ್ಟು ದೊಡ್ಡದು ಮಿನಿ ಹೇಗಾಯಿತು ಅಂದರೆ, ಅದರ ಅಣ್ಣಂದಿರು ಮನೆಯೊಳಗೆ ಇರುವುದಿಲ್ಲ, ಮನೆಯೇ ಅವರೊಳಗೆ ಇರುತ್ತದೆ.

ಸಂಡೂರು ಗುಡ್ಡದ ಒಂದು ಗಣಿ ಕಂಪನಿಯಲ್ಲಿ ನಾನು ಅದರ ಆಪರೇಟರ್ ಆಗಿದ್ದೆ. ಮ್ಯಾನೇಜರ್ ಸಾಹೇಬರೂ ಫ್ಯಾನಿನ ಕೆಳಗೆ ಬೆವರುತ್ತಿದ್ದ ಕಾಲದಲ್ಲಿ ಅದಕ್ಕೆ ಎ.ಸಿ. ಕೋಣೆ. ಅದಿರಿನ ಕೆಂಪು ಧೂಳು ಒಳಗೆ ಬರಬಾರದೆಂದು ಎಂಥವರೂ ಚಪ್ಪಲಿ ಹೊರಗೆ ಬಿಡಬೇಕು. ಹೊಸದಾಗಿ ಸೇರಿದ ಕೂಲಿಯವರು ಬಾಗಿಲಲ್ಲಿ ಚಪ್ಪಲಿಯ ಸಾಲು ನೋಡಿ ಕೈಮುಗಿದು ಹೋಗುತ್ತಿದ್ದರು. ನಾನು ಒಳಗಿನಿಂದಲೇ ಒಂದೆರಡು ಸಲ ಆಶೀರ್ವಾದ ಮಾಡಿದ್ದೂ ಉಂಟು.

ಆಮೇಲೆ ನಾನು ರಿಟೈರಾದೆ. ಅದೇ ವರ್ಷ ಅದೂ ರಿಟೈರಾಯಿತು. ನನಗೆ ಹಾರ, ಶಾಲು, ಗೋಡೆ ಗಡಿಯಾರ. ಅದಕ್ಕೆ ಗುಜರಿಯವನ ಲಾರಿ. ಹದಿನೈದು ವರ್ಷ ಜೊತೆಗೆ ಕೂತವರನ್ನು ಸುತ್ತಿಗೆಗೆ ಕೊಡುವುದಕ್ಕೆ ಮನಸ್ಸು ಬರುತ್ತದೆಯೇ? ಅಡ್ಡ ನಿಂತು ನಾನೇ ತಂದೆ.

"ಏನ್ರೀ ಇದು?" ಎಂದಳು ನೀಲಗಂಗಮ್ಮ, ಬಾಗಿಲಿಗೆ ಅಡ್ಡ ನಿಂತು.

"ಕಂಪ್ಯೂಟರು."

"ಅದು ಗೊತ್ತೈತಿ ಬಿಡ್ರಿ. ದಿನಾ ಸಂಜಿಮುಂದ ಅದರ ಸುದ್ದೀನ ಹೇಳೀರಿ. ಇವತ್ತು ಅದು ಮುನಿಸ್ಕೊಂಡಿತ್ತು, ಇವತ್ತು ಅದಕ್ಕ ಜ್ವರ ಬಂದಿತ್ತು. ಈಗ ಸವತೀನ ಮನೀಗೇ ಕರ್ಕೊಂಡ್ ಬಂದ್ರೇನು?"

"ಸವತಿ ಯಾಕಾಗ್ತೈತೇ? ಪಾಪ, ಅದೂ ರಿಟೈರ್ ಆಗೈತಿ."

"ಹಂಗಂದ್ರ ಒಂದ ಮನ್ಯಾಗ ಇಬ್ರು ರಿಟೈರ್ ಆದೋರನ್ನ ನಾ ಸಾಕಬೇಕು ಅನ್ರಿ!"

ಸಾಕಿದಳು. ಸ್ವಿಚ್ ಒತ್ತಿದ ದಿನ ನಮ್ಮ ಓಣಿಯ ದೀಪಗಳೆಲ್ಲ ಮಂಕಾದವು, ತುಂಗಭದ್ರಾ ಡ್ಯಾಮಿನ ಟರ್ಬೈನು ಒಂದು ಸಲ ನರಳಿದ್ದು ನನಗೆ ಇಲ್ಲಿಗೇ ಕೇಳಿಸಿತು. (ಬೇಡ, ಡ್ಯಾಮಿನ ಮಾತು ಬಿಡಿ. ದೀಪ ಮಂಕಾದದ್ದು ಮಾತ್ರ ನಿಜ.) ಅದರ ಫ್ಯಾನಿನ ಸದ್ದಿಗೆ ಹಿಂದಿನ ಮನೆಯ ದ್ಯಾಮಕ್ಕ ಜೋಳದ ಪುಟ್ಟಿ ಹೊತ್ತು ಬಂದಳು. "ಗಿರಣಿ ಹಾಕೀರಂತಲ್ಲ ಅಂದಾನಪ್ಪನೋರ, ಸ್ವಲ್ಪ ಸಣ್ಣಗ ಬೀಸಿ ಕೊಡ್ರಿ" ಎಂದು ನನ್ನ ಮುಂದೆ ಇಳಿಸಿಯೇ ಬಿಟ್ಟಳು. ಬೀಸುವುದಿಲ್ಲ ಎಂದದ್ದಕ್ಕೆ, "ಮತ್ಯಾಕ ಇಷ್ಟು ಒದರ್ತೈತಿ?" ಎಂದು ಕೇಳಿದಳು. ಕೇಳಿದ್ದು ಸರಿಯೇ. ಯಾಕೆಂದರೆ ಅದು ಬರೀ ಒದರುತ್ತಿತ್ತು. ಗುಜರಿಗೆ ಹಾಕುವ ಮುಂಚೆ ಕಂಪನಿಯವರು ಒಳಗಿದ್ದುದನ್ನೆಲ್ಲ ಅಳಿಸಿಹಾಕಿದ್ದರು, ಆಪರೇಟಿಂಗ್ ಸಿಸ್ಟಂ ಸಮೇತ. ಅದು ಇಲ್ಲದ ಕಂಪ್ಯೂಟರ್ ಅಂದರೆ ಒಲೆ ಇದೆ, ಪಾತ್ರೆ ಇದೆ, ಅಡುಗೆ ಮಾಡುವವರು ಮಾತ್ರ ಊರಿಗೆ ಹೋಗಿದ್ದಾರೆ ಎಂಬಂಥ ಮನೆ. ಹೊಸದು ಕೊಳ್ಳಬೇಕಾದರೆ ಕಾಲುವೆ ನೀರಿನ ಒಂದು ಎಕರೆ ಕಬ್ಬಿನ ಗದ್ದೆ ಮಾರಬೇಕು. ನನಗೆ ಗದ್ದೆಯೇ ಇಲ್ಲ.

ಆಗ ದಾರಿ ತೋರಿಸಿದವನು ನನ್ನ ತಂಗಿ ಪಂಪಮ್ಮನ ಗಂಡ ಜಡೆಪ್ಪ. ಅವನು ಸಂಡೂರಿನಲ್ಲಿ ಇನ್ನೊಂದು ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿದ್ದ. "ಮಾವಾರ, ರೊಕ್ಕ ಯಾಕ ಕೊಡ್ತೀರಿ? ಜಗತ್ತಿನ್ಯಾಗ ಮಂದಿ ಕೂಡಿ ಆಪರೇಟಿಂಗ್ ಸಿಸ್ಟಂ ಬರ್ದು ಪುಗಸಟ್ಟೆ ಬಿಟ್ಟಾರ. ಯಾರು ಬೇಕಾದ್ರೂ ತಗೋಬಹುದು, ಯಾರಿಗೆ ಬೇಕಾದ್ರೂ ಕೊಡಬಹುದು. ಒಳಗ ಹೆಂಗ ಬರದಾರ ಅನ್ನೋದನ್ನೂ ಮುಚ್ಚಿಟ್ಟಿಲ್ಲ. ನಿಮ್ಮ ಮಷಿನ್ನಿಗೂ ಕೂಡ್ತೈತಿ. ಮೂರು ಟೇಪಿನ್ಯಾಗ ತುಂಬಿ ಒಬ್ರು ಇಂಜಿನಿಯರ್ ಕೊಟ್ಟು ಹೋಗ್ಯಾರ, ಮನ್ಯಾಗ ಅದಾವು ಬರ್ರಿ" ಎಂದ. ನಾನು ಮರುದಿನವೇ ಸಂಡೂರಿನ ಬಸ್ಸು ಹತ್ತಿದೆ.

ಆದರೆ ಜಡೆಪ್ಪನ ಮನೆಯಲ್ಲಿ ಟೇಪುಗಳ ಮೇಲಿನ ಸಾರ್ವಭೌಮಾಧಿಕಾರ ನನ್ನ ತಂಗಿಯದು.

"ಕೊಡ್ತೀನಿ ಅಣ್ಣಾ, ಯಾಕ ಕೊಡಂಗಿಲ್ಲ" ಎಂದಳು ಪಂಪಮ್ಮ, ರೊಟ್ಟಿ ಬಡಿಯುತ್ತಲೇ. "ದೇಶಕ್ಕ ದೇಶಾನ ಎಲ್ಲಾ ತೆರೆದಿಟ್ಟೈತಿ ಅಂತ ನೀನ ಹೇಳ್ತೀ. ನಿನ್ನ ಹೆಂಡ್ತಿ ಅಡಿಗಿಮನಿ ಮಾತ್ರ ಯಾಕ ಮುಚ್ಚೈತಿ? ಗುರೆಳ್ಳು ಪುಡಿ ಹೆಂಗ ಮಾಡೂದು ಅಂತ ಕೇಳ್ಕೊಂಡ್ ಬಾ. ಟೇಪ್ ಒಯ್ಯಿ."

ನಿಮಗೆ ಇದನ್ನು ಸ್ವಲ್ಪ ಹೇಳಬೇಕು. ಆ ಪುಡಿ ನಮ್ಮ ಅವ್ವನದು. ಅವ್ವ ಅದನ್ನು ಸೊಸೆಗೆ ಕಲಿಸಿದಳು, ಮಗಳಿಗೆ ಕಲಿಸಲಿಲ್ಲ. ಪಂಪಮ್ಮ ನಾಗರಪಂಚಮಿಗೆ ತವರಿಗೆ ಬಂದಾಗ ನೀಲಗಂಗಮ್ಮ ಒಂದು ಡಬ್ಬಿ ತುಂಬಿ ಕೊಡುತ್ತಾಳೆ, ಡಬ್ಬಿ ಖಾಲಿಯಾದಾಗ ತಂಗಿ ಮತ್ತೆ ಬರುತ್ತಾಳೆ. ಮಾಡುವ ಬಗೆ ಕೇಳಿದರೆ ಮಾತ್ರ ನೀಲಗಂಗಮ್ಮನಿಗೆ ಅದೇ ಗಳಿಗೆಯಲ್ಲಿ ಹಾಲು ಉಕ್ಕುವುದು ನೆನಪಾಗುತ್ತದೆ.

"ಹೊಟ್ಟ್ಯಾಗ ಹುಟ್ಟಿದಾಕಿ ನಾನು, ಕೀಲಿಕೈ ಆಕಿ ಕೈಯಾಗ!" ಎಂದು ಪಂಪಮ್ಮ ಹಿಟ್ಟಿನ ಕೈ ತಿರುಗಿಸಿದಳು. ಜಡೆಪ್ಪ ಕಿಟಕಿಯಾಚೆ ಬಹಳ ಆಸಕ್ತಿಯಿಂದ ಒಂದು ಎಮ್ಮೆಯನ್ನು ನೋಡುತ್ತಿದ್ದ.

ಬರಿಗೈಯಲ್ಲಿ ವಾಪಸ್ಸು ಬಂದೆ. ಹೆಂಡತಿಯ ಮುಂದೆ ಹೇಗೆ ಪ್ರಸ್ತಾಪಿಸುವುದೆಂದು ಎರಡು ದಿನ ಅವಳ ಸುತ್ತಲೇ ಸುಳಿದಾಡಿದೆ. ಸಂತೆಗೆ ಹೋಗಿ ಚೀಲ ಹೊತ್ತು ತಂದೆ, ಕೇಳದೆಯೇ ಬೆಳ್ಳುಳ್ಳಿ ಸುಲಿದೆ. ಕೊನೆಗೆ ಅವಳೇ, "ಏನು ಬೇಕಾಗೈತಿ, ಹೇಳಿಬಿಡ್ರಿ. ಇಷ್ಟು ಬೆಳ್ಳುಳ್ಳಿ ತಗೊಂಡು ನಾ ಏನು ಅಂಗಡಿ ಇಡ್ಲೇನು?" ಎಂದಳು.

ಹೇಳಿದೆ. ಆಕಾಶ ಕಳಚಿ ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಅವಳು ಸ್ವಲ್ಪ ಹೊತ್ತು ನಡುಮನೆಯ ಪೆಟ್ಟಿಗೆಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ.

"ಅದು ಏಳಬೇಕಂದ್ರ ಇದ ಬೇಕಾ?"

"ಇದ ಬೇಕು."

"ಆತು. ಕೇಳ್ಕೋರಿ."

ಅತ್ತೆ ಕೊಟ್ಟ ಗುಟ್ಟನ್ನು ಒಂದು ಹಳೆ ಪೆಟ್ಟಿಗೆಗಾಗಿ ಕೊಡುತ್ತಿದ್ದಾಳಲ್ಲ! ಗುರೆಳ್ಳು ಚಟಪಟ ಅನ್ನುವವರೆಗೆ ಹುರಿಯುವುದು, ಬ್ಯಾಡಗಿ ಮೆಣಸಿನಕಾಯಿ, ಸಿಪ್ಪೆ ಸಮೇತ ಬೆಳ್ಳುಳ್ಳಿ, ಕರಿಬೇವು, ಹುಣಸೆ, ಒಣಕೊಬ್ಬರಿ, ಒರಳಲ್ಲಿ ಎಷ್ಟು ಕುಟ್ಟಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲ ಹೇಳಿದಳು. ಬಾಯಿಪಾಠ ಮಾಡಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಂತ್ರದ ಹಾಗೆ ಜಪ. ಕಂಡಕ್ಟರ್ ಬಂದು "ಎಲ್ಲಿಗ್ರಿ?" ಎಂದರೆ "ಸಣ್ಣ ಉರಿಮ್ಯಾಲ" ಎಂದೆ. ಪಾಪ, ಅವನು ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಸಂಡೂರಿಗೇ ಟಿಕೆಟ್ ಹರಿದ.

ಪಂಪಮ್ಮ ಕಣ್ಣು ಮುಚ್ಚಿ ಕೇಳಿದಳು, ಮಧ್ಯೆ ಒಂದು ಸಲ ಸೆರಗಿನಿಂದ ಮೂಗು ಒರೆಸಿಕೊಂಡಳು. ಕಡೆಗೆ ಟೇಪುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಳು. ನಾನು ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ.

ಮೊದಲನೇ ಟೇಪು ಹಾಕಿದಾಗ ಪೆಟ್ಟಿಗೆ ಬಹಳ ಹೊತ್ತು ಗೊಣಗಿತು, ಕೆಮ್ಮಿತು. ಆಮೇಲೆ ಪರದೆಯ ಮೇಲೆ ಒಂದು ಸಾಲು ಹಸಿರು ಅಕ್ಷರ. ಅದರ ಕೆಳಗೆ ಇನ್ನೊಂದು ಸಾಲು. ನಾನು ಕೂಗಿದ ಕೂಗಿಗೆ ನೀಲಗಂಗಮ್ಮ ಒದ್ದೆ ಕೈಯಲ್ಲೇ ಓಡಿಬಂದಳು. ಆಸ್ಪತ್ರೆಯಲ್ಲಿ ಮಂಚದ ಪಕ್ಕ ನಿಂತು ಕೇಳುವ ದನಿಯಲ್ಲಿ, "ಎಚ್ಚರಾತೇನ್ರಿ?" ಎಂದಳು. ತಲೆಯಾಡಿಸಿದೆ. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಪೆಟ್ಟಿಗೆಯ ನೆತ್ತಿಯನ್ನು ಒಮ್ಮೆ ಸವರಿದಳು.

ಎರಡನೇ ಟೇಪಿಗೆ ಎದ್ದು ಕೂತಿತು. ಕೇಳಿದ ಲೆಕ್ಕ ಮಾಡಿತು, ತಾರೀಕು ಹೇಳಿತು. ಆದರೆ ಒಬ್ಬನಿಗೆ ಮಾತ್ರ. ಹತ್ತು ಜನ ಹತ್ತು ಕಡೆ ಕೂತು ಕೆಲಸ ತೆಗೆಯಬಹುದಾದ ಯಂತ್ರ, ಮೂರನೇ ಟೇಪಿನಲ್ಲಿರುವ ಸಾಮಾನು ಬರುವವರೆಗೆ ಒಬ್ಬನಿಗಿಂತ ಹೆಚ್ಚು ಜನರನ್ನು ಒಳಗೆ ಬಿಡುವುದಿಲ್ಲ ಎಂದು ಹಟ ಹಿಡಿಯಿತು. ಗಂಟು ಬಿಚ್ಚಿ ನೋಡಿದೆ, ಕೊಡವಿ ನೋಡಿದೆ. ಬಟ್ಟೆಯಲ್ಲಿ ಇದ್ದದ್ದೇ ಎರಡು ಟೇಪು!

ತಂಗಿಗೆ ಫೋನು ಮಾಡಿದೆ. ನಾನು ಬಾಯಿ ತೆಗೆಯುವ ಮೊದಲೇ ಅವಳು, "ಏನು ಕಲಿತು ಬಂದೀಯೋ ಅಣ್ಣಾ! ಪುಡಿ ಅವ್ವನ ಪುಡಿಯಂಗ ಆಗವಲ್ದು. ಬಸ್ಸಿನ್ಯಾಗ ಏನ್ ಮರ್ತು ಬಂದೀ?" ಎಂದಳು.

"ನಾನೇನೂ ಮರ್ತಿಲ್ಲ. ನನ್ನ ಮೂರನೇ ಟೇಪ್ ಎಲ್ಲಿ?"

"ಅಟ್ಟದ ಮ್ಯಾಲ ಎಲ್ಲೋ ಐತಿ. ಬಂದು ಹುಡಿಕ್ಕೋ."

ನೀಲಗಂಗಮ್ಮನನ್ನು ಕೇಳಿದರೆ, "ನಾ ಎಲ್ಲಾ ಹೇಳೀನಿ, ನಿಮಗ ವಯಸ್ಸಾತು" ಎಂದಳು. ನಾನು ನಂಬಿದೆ! ಎರಡು ಸಲ ಸಂಡೂರಿಗೆ ಹೋದೆ, ಅಟ್ಟ ಹತ್ತಿದೆ, ಹಳೇ ತೊಟ್ಟಿಲು, ಒಡೆದ ಹರಿವಾಣ, ಒಂದು ಸಂಸಾರವಂದಿಗ ಬೆಕ್ಕು ಸಿಕ್ಕಿತು. ಟೇಪು ಸಿಗಲಿಲ್ಲ. ಪ್ರತಿ ಸಲವೂ ತಂಗಿ ಎಣ್ಣೆ ಬದನೆಕಾಯಿ ಮಾಡಿ ಹೊಟ್ಟೆ ಬಿರಿಯುವಷ್ಟು ಬಡಿಸಿ ಕಳಿಸಿದಳು.

ಪಂಚಮಿಗೆ ಪಂಪಮ್ಮ ಬಂದಳು. ಮಧ್ಯಾಹ್ನ ಇಬ್ಬರೂ ಅಡುಗೆಮನೆಯಲ್ಲಿ ಶೇಂಗಾ ಉಂಡೆ ಕಟ್ಟುತ್ತಿದ್ದರು. ನೀರು ಕುಡಿಯಲು ಹೋದವನು ಬಾಗಿಲ ಮರೆಯಲ್ಲೇ ನಿಂತೆ.

"ಖರೇ ಹೇಳ್ರಿ ಅತ್ತಿಗಿ, ಒಂದು ಸಾಮಾನು ಬಿಟ್ಟೀರಿ ಹೌದಿಲ್ಲೋ?"

"ಬಿಟ್ಟೀನಿ" ಎಂದಳು ನನ್ನ ಧರ್ಮಪತ್ನಿ, ಚೂರೂ ಅಳುಕದೆ. "ನಿಮ್ಮವ್ವ ಹೋಗೂ ಮುಂದ ಏನಂದ್ರು ಗೊತ್ತೈತೇನು ಪಂಪವ್ವ? ಆಕಿಗೆ ಪುಡಿ ಕೊಡು, ಮಾಡೂದು ಕಲಿಸಬ್ಯಾಡ. ಡಬ್ಬಿ ಖಾಲಿ ಆದಾಗೊಮ್ಮೆ ನನ್ನ ಮಗಳು ತವರಿಗೆ ಬರ್ತಾಳ ಅಂದ್ರು."

ಆಮೇಲೆ ತಂಗಿ ನಕ್ಕಳೋ ಅತ್ತಳೋ, ಎರಡರ ನಡುವಿನ ಏನೋ ಒಂದು ಸದ್ದು.

"ನಾ ಮತ್ಯಾಕ ಟೇಪ್ ಹಿಡಿದಿಟ್ಟೀನಿ ಅಂತೀರಿ? ಎಲ್ಲಾ ಒಮ್ಮಿಗೇ ಕೊಟ್ಟಿದ್ರ ಅಣ್ಣ ಸಂಡೂರಿಗೆ ಬರ್ತಿದ್ನಾ? ಗಣಿ ಕೆಲಸದಾಗ ಇದ್ದಾಗ ಕಂಪನಿ ಬಸ್ಸು ದಿನಾ ನಮ್ಮ ಮನಿ ಮುಂದನ ಹೋಗ್ತಿತ್ತು. ಕಿಡಕ್ಯಾಗ ಕುಂತಿರ್ತಿದ್ದ. ಒಂದಿನಾನೂ ಇಳೀಲಿಲ್ಲ."

ನಾನು ನೀರು ಕುಡಿಯದೆ ವಾಪಸ್ಸು ಬಂದು ಯಂತ್ರದ ಮುಂದೆ ಕೂತೆ. ಅದು ಇನ್ನೂ ಒಬ್ಬನನ್ನೇ ಒಳಗೆ ಬಿಡುತ್ತಿತ್ತು. ಸಂಜೆ ತುಂಬಿದ ಡಬ್ಬಿ ಹಿಡಿದು ಹೊರಟ ತಂಗಿಗೆ, "ಸೋಮವಾರ ಬರ್ತೀನವ್ವ, ಟೇಪ್ ಹುಡುಕಾಕ" ಎಂದೆ. "ಬಾ, ಬದನೆಕಾಯಿ ಮಾಡ್ತೀನಿ" ಎಂದಳು.

ಕಥೆ ಮುಗಿಯಿತು ಅಂದಿರಾ? ತಡೆಯಿರಿ. ಹೋದ ತಿಂಗಳು ಸಂಡೂರಿನ ಬಸ್ ನಿಲ್ದಾಣದಲ್ಲಿ ಜಡೆಪ್ಪ ಆಚೆ ಈಚೆ ನೋಡಿ, ಕಳ್ಳಮಾಲಿನ ಹಾಗೆ ನನ್ನ ಚೀಲದೊಳಗೆ ಏನೋ ತುರುಕಿದ. "ಮಾವಾರ, ನಿಮ್ಮ ಪಾಡು ನೋಡಾಕ ಆಗವಲ್ದು. ಆಕಿಗೆ ಹೇಳಬ್ಯಾಡ್ರಿ" ಎಂದ. ಮೂರನೇ ಟೇಪು!

ಹಾಕಿದಿರಾ ಎಂದು ಕೇಳುತ್ತೀರಿ. ಯಂತ್ರದ ಬಾಯಿಗೆ ಇಟ್ಟೆ, ಅರ್ಧ ಒಳಗೆ ಹೋಗಿತ್ತು. ವಾಪಸ್ಸು ತೆಗೆದೆ. ಅಲ್ಲ, ನೀವೇ ಹೇಳಿ, ಅದು ಪೂರ್ತಿ ನಡೆದುಬಿಟ್ಟರೆ ನಾನು ಸೋಮವಾರ ಏನು ಹುಡುಕಲು ಸಂಡೂರಿಗೆ ಹೋಗಲಿ? ಆ ಟೇಪನ್ನು ಎಂಥಾ ಜಾಗದಲ್ಲಿ ಇಟ್ಟಿದ್ದೇನೆಂದರೆ ಈ ಭೂಮಂಡಲದಲ್ಲಿ ಯಾವ ನರಪ್ರಾಣಿಗೂ, ಮುಖ್ಯವಾಗಿ ಸಾಕ್ಷಾತ್ ನೀಲಗಂಗಮ್ಮನಿಗೂ...

"ಏನ್ರೀ! ಎಷ್ಟೊತ್ತು ಹರಟಿ? ಊಟಕ್ಕ ಬರ್ರಿ, ರೊಟ್ಟಿ ಆರಿ ಹೊಂಟಾವು. ಮತ್ತ ಕೇಳ್ರಿ, ಟ್ರಂಕಿನ್ಯಾಗ ಧೋತರದ ಕೆಳಗ ಇಟ್ಟಿದ್ರಲ್ಲ ಟೇಪು, ಅದನ್ನ ತೆಗೆದು ಬ್ಯಾರೆ ಕಡೆ ಇಟ್ಟೀನಿ. ಪಂಪವ್ವ ಬಂದಾಗ ಮೊದಲ ಆ ಟ್ರಂಕ ತೆಗೀತಾಳ!"

ಬಂದೆ ತಾಯಿ, ಬಂದೆ.