ದೊಡ್ಡಪ್ಪನ ಗ್ಯಾರೇಜಿನಲ್ಲಿ ನನ್ನ ಕತ್ತು

ದೇವರು ಮನುಷ್ಯನನ್ನು ಮಾಡುವ ಮುಂಚೆ ಒಂದು ಬಸ್ಸು ಮಾಡಿ, ಓಡಿಸಿ ನೋಡಿರಬೇಕು ಎಂದು ನಮ್ಮ ದೊಡ್ಡಪ್ಪ ಗಟ್ಟಿಯಾಗಿ ನಂಬಿದ್ದರು. ಕುಣಿಗಲ್–ತುಮಕೂರು ರೂಟಿನಲ್ಲಿ ಜೀವಮಾನವೆಲ್ಲ ಖಾಸಗಿ ಬಸ್ಸು ಓಡಿಸಿ ನಿವೃತ್ತರಾದವರು ಅವರು. ದೊಡ್ಡಮ್ಮ ಕೆಮ್ಮಿದರೆ ಸೈಲೆನ್ಸರ್ ತೂತು, ಪಕ್ಕದ ಮನೆಯವರಿಗೆ ಮಂಡಿನೋವೆಂದರೆ ಬುಶ್ ಸವೆದಿದೆ, ಬೀಗರು ಊಟಕ್ಕೆ ಕೂತು ಏಳದಿದ್ದರೆ ಟ್ಯಾಂಕ್ ಲೀಕ್! ನಾನು ಹುಟ್ಟಿದಾಗ ನೋಡಲು ಬಂದವರು ನನ್ನ ಅಳು ಕೇಳಿ, "ಹಾರನ್ ಚೆನ್ನಾಗೈತೆ" ಎಂದಷ್ಟೇ ಹೇಳಿ ಡ್ಯೂಟಿಗೆ ಹೋದರಂತೆ.

ಇಂಥವರನ್ನು ನೋಡಿ ನಗುತ್ತಿದ್ದ ನಾನೇನು ಕಮ್ಮಿಯೇ? ನನ್ನ ಹುಚ್ಚು ಡೈರಿಯದು. ಎದ್ದ ಹೊತ್ತು, ಹಿಡಿದ ಬಸ್ಸು, ತಪ್ಪಿದ ಬಸ್ಸು, ತಿಂದ ಇಡ್ಲಿ, ಎಲ್ಲಕ್ಕೂ ತಾರೀಖು, ಎಲ್ಲಕ್ಕೂ ಲೆಕ್ಕ. ವರ್ಷದ ಕೊನೆಗೆ ಕೂಡಿಸಿ ನೋಡಿ, ಹೋದ ವರ್ಷಕ್ಕಿಂತ ಇಡ್ಲಿಯಲ್ಲಿ ಪ್ರಗತಿ ಸಾಧಿಸಿದ್ದೇನೆ ಎಂದು ಸಂತೋಷಪಡುವ ಜಾತಿ ನನ್ನದು. ಜೀವನದಲ್ಲಿ ಬೇರೆ ಯಾವ ಪ್ರಗತಿಯೂ ಇರಲಿಲ್ಲವಾದ್ದರಿಂದ ಅದು ಕ್ಷಮ್ಯ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಬಿ.ಎಡ್. ಮಾಡಿಕೊಂಡು ಬಹಳ ಅಲೆದ ಮೇಲೆ, ಗುಬ್ಬಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರ ಕೆಲಸ ಸಿಕ್ಕಿತು. ಹಂಗಾಮಿ ಕೆಲಸ. ಅದು ಸಿಕ್ಕ ಸಂಭ್ರಮ ಆರುವ ಮುಂಚೆಯೇ ಒಂದು ಬೆಳಿಗ್ಗೆ ಎದ್ದರೆ ಕತ್ತು ಎಡಕ್ಕೆ ತಿರುಗಲೊಲ್ಲದು! ಬೇರೆಯವರಾಗಿದ್ದರೆ ಅಯ್ಯೋ ಎನ್ನುತ್ತಿದ್ದರು. ನಾನು ಬೋರ್ಡಿನ ಮೇಲೆ ಕೋನ ಬರೆಯುವ ಮರದ ಕೋನಮಾಪಕವನ್ನು ನೆತ್ತಿಯ ಮೇಲಿಟ್ಟುಕೊಂಡು ಕನ್ನಡಿ ಮುಂದೆ ನಿಂತೆ. ಬಲಕ್ಕೆ ಎಪ್ಪತ್ತು ಡಿಗ್ರಿ, ಎಡಕ್ಕೆ ಹತ್ತು. ಬರೆದುಕೊಂಡೆ. ಆಮೇಲೆ ಅಯ್ಯೋ ಎಂದೆ.

ಕ್ಲಾಸಿನಲ್ಲಿ ಎಡಗಡೆಯ ಬೆಂಚುಗಳು ಎರಡೇ ದಿನಕ್ಕೆ ಸ್ವಾತಂತ್ರ್ಯ ಘೋಷಿಸಿಕೊಂಡವು. ಅತ್ತ ನೋಡಬೇಕಾದರೆ ನಾನು ಅಲಮಾರಿಯ ಹಾಗೆ ಇಡೀ ಮೈ ತಿರುಗಿಸಬೇಕಿತ್ತು. ಚಪ್ಪಲಿ ಉಜ್ಜಿದ ಸದ್ದಿಗೇ ಹುಡುಗರು ಕಡ್ಲೆಕಾಯಿ ಬಚ್ಚಿಟ್ಟು ಪುಸ್ತಕದಲ್ಲಿ ಮುಖ ಹುದುಗಿಸಿರುತ್ತಿದ್ದರು. ಹೆಡ್ಮಾಸ್ಟರು ಕಿಟಕಿಯಿಂದ ಇದನ್ನೆಲ್ಲ ನೋಡಿ ಕರೆಸಿದರು.

"ಮೇಷ್ಟ್ರೇ, ಅರ್ಧ ಕ್ಲಾಸಿಗೆ ಮಾತ್ರ ಪಾಠ ಆಗ್ತಿದೆ. ಈ ತಿಂಗಳ ಕೊನೆವರೆಗೂ ನೋಡ್ತೀನಿ. ಆಮೇಲೆ ಬೇರೆಯೋರ್ನ ಹುಡುಕ್ಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡಿ."

ಎಸ್‌ಟಿಡಿ ಬೂತಿನಿಂದ ಕುಣಿಗಲ್ಲಿಗೆ ಫೋನ್ ಮಾಡಿದೆ. ಮಾರನೆಯ ದಿನ ಮೊದಲ ಬಸ್ಸಿಗೇ ದೊಡ್ಡಪ್ಪ ಹಾಸಿಗೆ ಸಮೇತ ಬಂದಿಳಿದರು.

"ಏನ್ಲಾ ಮಗ, ಸ್ಟೇರಿಂಗ್ ಲಾಕ್ ಆಗೈತಾ?"

ಅವರ ಹಳೇ ಕಂಡಕ್ಟರೊಬ್ಬರ ಸೊಂಟವನ್ನು ತುಮಕೂರಿನಲ್ಲಿ ಒಬ್ಬ ಡಾಕ್ಟರು ಬರೀ ಕೈಯಲ್ಲಿ ಸರಿಮಾಡಿದ್ದರಂತೆ. ಆಸ್ಟಿಯೋಪಥಿ ಅಂತ ಅದರ ಹೆಸರು. ಮಾತ್ರೆಯಿಲ್ಲ, ಸೂಜಿಯಿಲ್ಲ, ಮೂಳೆ, ಕೀಲು, ಸ್ನಾಯುಗಳನ್ನು ಮುಟ್ಟಿ, ಒತ್ತಿ, ಸಡಿಲಿಸಿ ಮಾಡುವ ಚಿಕಿತ್ಸೆ. ಅಲ್ಲಿ ಏನೇನಾಗುತ್ತದೆಂದು ದೊಡ್ಡಪ್ಪ ಬಸ್ಸಿನಲ್ಲೇ ನನ್ನನ್ನು ತಯಾರು ಮಾಡತೊಡಗಿದರು.

"ನೋಡ್ಲಾ, ಫಸ್ಟು ಜಾಕ್ ಕೊಟ್ಟು ಎತ್ತುತಾನೆ. ಆಮೇಲೆ ತಲೇನ ಹಿಂಗ್ ಹಿಡ್ಕಂಡು ಟಕ್ ಅಂತ ಒಂದೇಟು. ನೋವೇ ಗೊತ್ತಾಗಲ್ಲ."

"ನಿಜವಾಗ್ಲೂ ಗೊತ್ತಾಗಲ್ವಾ ದೊಡ್ಡಪ್ಪ?"

"ಗ್ಯಾನ ಇದ್ರೆ ತಾನೆ ಗೊತ್ತಾಗೋದು!"

ಇಡೀ ಬಸ್ಸು ನಕ್ಕಿತು. ನಾನು ಬಲಗಡೆ ಕೂತವರನ್ನು ಮಾತ್ರ ದುರುಗುಟ್ಟಿಕೊಂಡು ನೋಡಿದೆ.

ಡಾಕ್ಟರನ್ನು ಕಂಡು ದೊಡ್ಡಪ್ಪನ ಮುಖ ಇಳಿಯಿತು. ಅವರು ಪೈಲ್ವಾನನನ್ನು ನಿರೀಕ್ಷಿಸಿದ್ದರು. ಇವರೋ ಊದಿದರೆ ಹಾರಿಹೋಗುವಂಥ ಹುಡುಗ. "ಈ ಕೈಲಿ ಮುದ್ದೆ ಕಟ್ಟಕ್ಕೂ ಆಗಲ್ಲ ಕಣ್ಲಾ" ಎಂದು ನನ್ನ ಕಿವಿಯಲ್ಲಿ, ಅಂದರೆ ಇಡೀ ಕೋಣೆಗೆ ಕೇಳುವ ಹಾಗೆ, ಪಿಸುಗುಟ್ಟಿದರು. ಡಾಕ್ಟರು ನಕ್ಕರು. ಯಾವಾಗಿನಿಂದ ನೋವು, ಕೈ ಜೋಮು ಹಿಡಿಯುತ್ತದೆಯೇ, ತಲೆ ಸುತ್ತುತ್ತದೆಯೇ, ಎಲ್ಲಾದರೂ ಬಿದ್ದಿದ್ದೀರಾ ಎಂದು ಒಂದೊಂದಾಗಿ ಕೇಳಿದರು. ಆಮೇಲೆ ಅಂಗಿ ಬಿಚ್ಚಿಸಿ ನಿಲ್ಲಿಸಿ, ಹಿಂದಿನಿಂದ ನೋಡಿ, ಭುಜ ಮುಟ್ಟಿ, ಬೆನ್ನು ಮುಟ್ಟಿ, ಸೊಂಟಕ್ಕಿಳಿದು ಕೊನೆಗೆ ಪಾದದ ಹತ್ತಿರ ಕುಕ್ಕರಗಾಲಲ್ಲಿ ಕೂತರು.

"ಡಾಕ್ಟ್ರೇ, ನೋವಿರೋದು ಕತ್ತಲ್ಲಿ" ಎಂದೆ.

"ಸುಮ್ಕಿರ್ಲಾ!" ಎಂದು ದೊಡ್ಡಪ್ಪ ಗದರಿದರು. "ಸ್ಟೇರಿಂಗ್ ಎಳೀತೈತೆ ಅಂದ್ರೆ ಟೈರ್ ನೋಡ್ದೆ ಇನ್ನೇನ್ ಲೈಟ್ ನೋಡ್ತಾರಾ? ನೀವ್ ನೋಡಿ ಸ್ವಾಮಿ." ಆ ಕ್ಷಣದಿಂದ ಅವರು ಡಾಕ್ಟರ ಪಕ್ಷ.

ಮಲಗಿಸಿ, ತಲೆಯ ಕೆಳಗೆ ಎರಡೂ ಅಂಗೈ ಇಟ್ಟು, ಡಾಕ್ಟರು ಬಹಳ ಹೊತ್ತು ಸುಮ್ಮನೆ ಹಿಡಿದುಕೊಂಡರು. ಜಾಕ್ ಯಾವಾಗ ಬರುತ್ತದೋ ಎಂದು ಕಾಯುತ್ತಾ ನಾನು ನಿದ್ದೆ ಹೋದೆ. ಎಚ್ಚರವಾದಾಗ ಭುಜದ ಹತ್ತಿರ ಮೆಲ್ಲಗೆ ಒತ್ತುತ್ತಿದ್ದರು. ಸದ್ದಿಲ್ಲ, ಗದ್ದಲವಿಲ್ಲ.

"ಟಕ್ ಅನ್ಲಿಲ್ವಲ್ಲ ಸ್ವಾಮಿ!" ದೊಡ್ಡಪ್ಪನಿಗೆ ಅನುಮಾನ.

"ಅನ್ಲೇಬೇಕು ಅಂತೇನಿಲ್ಲ ಯಜಮಾನ್ರೇ. ಒಂದೇ ಸಲಕ್ಕೆ ಸರಿಹೋಗಲ್ಲ, ವಾರ ಬಿಟ್ಟು ಬನ್ನಿ. ನಾಳೆ ನಾಳಿದ್ದು ಸ್ವಲ್ಪ ಮೈಕೈ ನೋವು ಬರಬಹುದು, ಗಾಬರಿ ಬೇಡ."

ನೋವು ಬಂತು. ರಾಗಿ ಹೊಲವೆಲ್ಲ ಒಬ್ಬನೇ ಕುಯ್ದ ಹಾಗೆ ಮೈಯೆಲ್ಲ ಬಿಗಿದುಕೊಂಡಿತು. "ಹೊಸಾ ಕ್ಲಚ್ ಪ್ಲೇಟು, ಬಿಗಿ ಇರ್ತದೆ" ಎಂದು ದೊಡ್ಡಪ್ಪ ಹೆಸರಬೇಳೆ ಪಾಯಸ ಮಾಡಿಕೊಟ್ಟರು. ಬಸ್ಸಿಗೆ ಪಾಯಸ ಎಲ್ಲಿ ಹಾಕುತ್ತಾರೆಂದು ನಾನು ಕೇಳಲಿಲ್ಲ.

ಎರಡನೆಯ ಸಲ ಹೋಗುವಾಗ ಕತ್ತು ಒಂದಿಷ್ಟು ಬಿಟ್ಟಿತ್ತು. ಡಾಕ್ಟರಿಗೆ ಉಪಯೋಗವಾಗಲೆಂದು ನನ್ನ ಡಿಗ್ರಿಗಳ ಗ್ರಾಫನ್ನೂ ಒಯ್ದೆ, ಎರಡು ಬಣ್ಣದ ಪೆನ್ಸಿಲಿನಲ್ಲಿ. ಅವರು ಗ್ರಾಫನ್ನು ಬಿಟ್ಟು ನನ್ನನ್ನು ನೋಡಿದರು.

"ಇದನ್ನೆಲ್ಲ ಎಲ್ಲಿ ಕೂತು ಬರೀತೀರಿ?"

"ಕೂತಲ್ಲ. ಮಲಗಿ."

"ಹೇಗೆ ಅಂತ ತೋರ್ಸಿ."

ತೋರಿಸಿದೆ. ಮಂಚದ ಮೇಲೆ ಬೋರಲು ಬಿದ್ದು, ಎಡಮೊಣಕೈ ಊರಿ, ತಲೆಯನ್ನು ಪೂರಾ ಬಲಕ್ಕೆ ಹೊರಳಿಸಿ, ಕಣ್ಣಿನ ಕೊನೆಯಿಂದ ನೋಡುತ್ತಾ ಬರೆಯುವ ನನ್ನ ಭಂಗಿ. ಡಾಕ್ಟರು ಗ್ರಾಫನ್ನು ಮಡಿಸಿ ಪಕ್ಕಕ್ಕಿಟ್ಟರು.

"ದಿನಾನಾ?"

"ಒಂದು ದಿನಾನೂ ತಪ್ಪಿಲ್ಲ" ಎಂದೆ ಹೆಮ್ಮೆಯಿಂದ. "ಮೊದ್ಲು ಅರ್ಧ ಗಂಟೆ ಸಾಕಾಗ್ತಿತ್ತು. ಈಗ ಕತ್ತುನೋವಿನ ವಿವರ ಬರೆಯೋದಿರುತ್ತಲ್ಲ, ಒಂದು ಗಂಟೆ ಆಗುತ್ತೆ."

ದೊಡ್ಡಪ್ಪ ಗೋಡೆ ಹಿಡಿದುಕೊಂಡು ನಕ್ಕರು. "ಅಯ್ಯೋ ಬಡ್ಡೆತ್ತದೆ! ಬ್ರೇಕ್ ಫೇಲಾಗೈತೆ ಅಂತ ಬರ್ಕಳಕ್ಕೆ ದಿನಾ ಬಸ್ಸ ಗುಂಡಿಗಿಳಿಸ್ತಿದ್ದಲ್ಲೋ!"

ಅಂದಿನಿಂದ ಮೇಜು, ಕುರ್ಚಿ. ನೆಟ್ಟಗೆ ಕೂತರೆ ಬರೆಯಲು ಏನೂ ಹೊಳೆಯದೆಂಬ ನನ್ನ ವಾದಕ್ಕೆ ಇಬ್ಬರೂ ಸೊಪ್ಪು ಹಾಕಲಿಲ್ಲ.

ಮೂರನೆಯ ಸಲ ಹೊರಟದ್ದು ತಿಂಗಳ ಕೊನೆಗೆ. ಮಾರನೆಯ ದಿನ ಹೆಡ್ಮಾಸ್ಟರ ಮುಂದೆ ನಿಲ್ಲಬೇಕಿತ್ತು. ಕತ್ತು ಅರ್ಧಕ್ಕೆ ಬಂದು ಅಲ್ಲೇ ಮೊಂಡು ಹಿಡಿದಿತ್ತು. ಬಸ್ಸಿನಲ್ಲಿ ದೊಡ್ಡಪ್ಪ ಕಿಟಕಿಯ ಸರಳು ಹಿಡಿದು ರಸ್ತೆಯನ್ನೇ ನೋಡುತ್ತಿದ್ದರು. ಎದುರಿನಿಂದ ಲಾರಿಯೊಂದು ಅಡ್ಡಾದಿಡ್ಡಿ ನುಗ್ಗಿದರೂ ಅದರ ಡ್ರೈವರನ್ನು ಬೈಯಲಿಲ್ಲ. ತುಮಕೂರಿನಲ್ಲಿ ಇಳಿದ ಮೇಲೆ ಹೇಳಿದರು:

"ಆಗ್ದಿದ್ರೆ ನಿಮ್ಮ ಹೆಡ್ಮೇಷ್ಟ್ರ ಹತ್ರ ನಾನ್ ಮಾತಾಡ್ತೀನಿ ಬುಡು."

"ಏನಂತ ಮಾತಾಡ್ತೀರಾ?"

"ಎಲ್ಲಾ ಹುಡುಗ್ರನ್ನೂ ಬಲಗಡೆ ಕೂರ್ಸಿ ಅಂತ."

ನಾನು ನಕ್ಕೆ. ಅವರು ನಗಲಿಲ್ಲ.

ಡಾಕ್ಟರು ಅವತ್ತು ಹೆಚ್ಚು ಹೊತ್ತು ತೆಗೆದುಕೊಂಡರು. ಕೊನೆಗೆ ಸ್ಟೂಲಿನ ಮೇಲೆ ಕೂರಿಸಿ, ಹಿಂದೆ ನಿಂತು, ಭುಜದ ಮೇಲೆ ಕೈಯಿಟ್ಟರು. "ಈಗ ನಿಧಾನಕ್ಕೆ ಎಡಕ್ಕೆ ತಿರುಗಿ. ಬಲವಂತ ಮಾಡ್ಬೇಡಿ. ಬಂದಷ್ಟು ಬರಲಿ."

ತಿರುಗಿದೆ. ಗೋಡೆಯ ಕ್ಯಾಲೆಂಡರ್ ಬಂತು. ಕಿಟಕಿ ಬಂತು. ಇಷ್ಟು ದಿನ ನಿಂತುಹೋಗುತ್ತಿದ್ದ ಜಾಗ ಸದ್ದಿಲ್ಲದೆ ದಾಟಿತು. ಬಾಗಿಲಿನ ಚೌಕಟ್ಟು ಬಂತು, ಅದರ ಪಕ್ಕದ ಬೆಂಚು ಬಂತು, ಬೆಂಚಿನ ಮೇಲೆ ದೊಡ್ಡಪ್ಪ.

ಅವರು ನನ್ನನ್ನು ನೋಡುತ್ತಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ, ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ತಮ್ಮ ಕತ್ತನ್ನು ಎಡಕ್ಕೆ ಆಗುವಷ್ಟೂ ತಿರುಗಿಸಿಕೊಂಡಿದ್ದರು. ನರ ಉಬ್ಬಿತ್ತು. ಗಲ್ಲ ನಡುಗುತ್ತಿತ್ತು.

"ದೊಡ್ಡಪ್ಪ" ಎಂದೆ.

"ತಿರುಗ್ತಾ?"

"ತಿರುಗ್ತು. ನಿಮ್ಮನ್ನೇ ನೋಡ್ತಿದೀನಿ."

"ಇನ್ನೊಂಚೂರು ಬತ್ತದಾ ನೋಡು ಮಗ" ಎಂದರು, ಕಣ್ಣು ತೆರೆಯದೆ, ತಮ್ಮ ಕತ್ತನ್ನು ಇನ್ನೊಂದಿಷ್ಟು ಹೊರಳಿಸುತ್ತಾ.